ಸೊರ್ರಕ್ಕನ ಮೂಗು ಮತ್ತು ಅತ್ತೆಯ ಟೀ

ಆ ಚಹಾ ಕಂಪನಿಯಲ್ಲಿ ಗೇಟು ಕಾಯುವವನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವಳು ಸೊರ್ರಕ್ಕ. ಈ ಹೆಸರಿಟ್ಟವರು ಕೆಳಗಿನ ಪ್ಯಾಕಿಂಗ್ ವಿಭಾಗದವರು. ಬೆಳಿಗ್ಗೆ ಅವರು ಪೆಟ್ಟಿಗೆಗಳಿಗೆ ಅಂಟು ಹಚ್ಚುತ್ತ ಕೂತಿರುವಾಗ ಮೇಲಿನ ಅಂತಸ್ತಿನಿಂದ ‘ಸೊರ್ರ್’ ಎಂದು ಒಂದು ಸದ್ದು ಶುರುವಾಗುತ್ತಿತ್ತು. ಬಚ್ಚಲಿನ ಕೊಳವೆಯಲ್ಲಿ ಕೊನೆಯ ನೀರು ಇಳಿಯುವಾಗ ಆಗುವಂಥ ಸದ್ದು. ಹಿಂದೆಯೇ ‘ಥೂ’. ಮತ್ತೆ ‘ಸೊರ್ರ್’, ಮತ್ತೆ ‘ಥೂ’. ಹೊಸದಾಗಿ ಕೆಲಸಕ್ಕೆ ಸೇರಿದವರು ಮೇಲೆ ಯಾರಿಗೋ ಮೈಗೆ ಹುಷಾರಿಲ್ಲವೆಂದು ಗಾಬರಿಯಾಗುತ್ತಿದ್ದರು. ಹಳಬರು ಕೈಯ ಅಂಟನ್ನು ಒರೆಸಿಕೊಳ್ಳುತ್ತ, “ಕಲ್ಲುಗುಂಡಿನ ಹಾಗಿದ್ದಾಳೆ. ಸಂಬಳ ಕೊಡೋದೇ ಅದಕ್ಕೆ” ಎನ್ನುತ್ತಿದ್ದರು.

ನಿಜ, ಸಂಬಳ ಅದಕ್ಕೇ. ಚಹಾದ ರುಚಿ ನೋಡುವುದೆಂದರೆ ಕುಡಿಯುವುದಲ್ಲ. ಚಮಚದಲ್ಲಿ ಒಂದಿಷ್ಟು ತೆಗೆದು, ಮಾನ ಮರ್ಯಾದೆ ಬದಿಗಿಟ್ಟು, ಗಾಳಿಯ ಸಮೇತ ರಭಸವಾಗಿ ಎಳೆಯಬೇಕು. ಅದು ತುಂತುರಾಗಿ ನಾಲಿಗೆಯ ಮೇಲೆಲ್ಲ ಹರಡಿ, ಅದರ ಆವಿ ಗಂಟಲ ಹಿಂದಿನಿಂದ ಮೂಗಿಗೆ ಹತ್ತಬೇಕು. ಆಮೇಲೆ ಪಕ್ಕದಲ್ಲಿ ಗಾಲಿಗಳ ಮೇಲೆ ನಿಂತಿರುವ, ಸೊಂಟದೆತ್ತರದ ತಗಡಿನ ಪೀಕದಾನಿಗೆ ಉಗಿದು ಮುಂದಿನ ಬಟ್ಟಲಿಗೆ ಹೋಗಬೇಕು. ಉದ್ದನೆಯ ಕಟ್ಟೆಯ ಮೇಲೆ ಬಿಳಿ ಬಟ್ಟಲುಗಳು ಸಾಲಾಗಿ ಕೂತಿರುತ್ತಿದ್ದವು. ಪ್ರತಿಯೊಂದರ ಹಿಂದೆ ಬೆಂದ ಎಲೆಯ ಒಂದು ಪುಟ್ಟ ಗುಡ್ಡೆ.

ಅವಳು ಮೊದಲು ಅಲ್ಲಿ ಟೈಪಿಸ್ಟ್ ಆಗಿದ್ದವಳು. ಸೇರಿದ ಹೊಸದರಲ್ಲಿ ಆಫೀಸಿನ ಟೀ ಬಾಯಿಗಿಟ್ಟು, “ಇದ್ಯಾಕೆ ಬೂಟ್ ಪಾಲಿಶ್ ವಾಸನೆ?” ಎಂದಳು. ಎಲ್ಲರೂ ನಕ್ಕರು. ಆಗಿನ ಹಿರಿಯ ರುಚಿಗಾರ ಮಾತ್ರ ನಗದೆ ಎದ್ದುಹೋಗಿ ನೋಡಿದ. ಚಹಾ ಡಬ್ಬಿಗೆ ಒರಗಿಕೊಂಡು ಗೇಟಿನವನ ಪಾಲಿಶ್ ಡಬ್ಬಿ ಬಾಯಿ ತೆರೆದು ಕೂತಿತ್ತು. ಅಂದಿನಿಂದ ಅವನು ಅವಳ ಬೆನ್ನು ಬಿಡಲಿಲ್ಲ. ಕೆಲಸ ಕಲಿಸಿ, ತನ್ನ ಜಾಗದಲ್ಲಿ ಅವಳನ್ನು ನಿಲ್ಲಿಸಿಯೇ ನಿವೃತ್ತನಾದ.

ಬಟ್ಟಲುಗಳ ಮುಂದೆ ಸೊರ್ರಕ್ಕನ ನಾಲಿಗೆಗೆ ಹಂಗಿರಲಿಲ್ಲ. “ಇದಕ್ಕೆ ಮೈಯೇ ಇಲ್ಲ.” “ಇದು ಒದ್ದೆ ಗೋಣಿಚೀಲ.” “ಇದು ಬಾಯಿಗೆ ಬಂದು ಹೋದದ್ದೇ ಗೊತ್ತಾಗಲಿಲ್ಲ, ಕರೆಯದೆ ಬಂದ ನೆಂಟನಾದರೂ ಇಷ್ಟು ಮೆಲ್ಲಗೆ ಹೋಗಲ್ಲ.” ತೋಟದಿಂದ ಮಾದರಿ ಹಿಡಿದು ಬಂದ ದಲ್ಲಾಳಿಗಳು ತಮ್ಮ ಮಕ್ಕಳನ್ನೇ ಬೈದ ಹಾಗೆ ಕೆಂಪಗಾಗುತ್ತಿದ್ದರು.

ಅವಳ ಸಹಾಯಕ ರುಚಿಗಾರನನ್ನು ಎಲ್ಲರೂ ಹೌದಪ್ಪ ಎಂದು ಕರೆಯುತ್ತಿದ್ದರು. ಬಾಗಿಲು ತುಂಬುವಂಥ ಆಳು, ಬೆನ್ನು ಮಾತ್ರ ಸದಾ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಾಗಿರುತ್ತಿತ್ತು. ಅವಳು ಏನು ಹೇಳಿದರೂ ಅವನು ಕಣ್ಣು ಮುಚ್ಚಿ ತಲೆ ತೂಗಿ, “ನನಗೂ ಹಾಗೇ ಅನ್ನಿಸ್ತು ನೋಡಿ” ಎನ್ನುತ್ತಿದ್ದ. ಒಮ್ಮೆ ಅವಳು ಬೇಕೆಂದೇ, “ಇದರಲ್ಲಿ ಕೊಡೆಯ ವಾಸನೆ ಇದೆ” ಎಂದಿದ್ದಳು. “ಮಡಚಿದ ಕೊಡೆ,” ಎಂದು ಅವನು ಸೇರಿಸಿದ್ದ.

ಇಂಥ ಸೊರ್ರಕ್ಕ ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಬೇರೆಯೇ ಹೆಂಗಸು. ಮನೆಯಲ್ಲಿ ಟೀ ಮಾಡುವುದು ಅವಳ ಅತ್ತೆ. ಅತ್ತೆ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತಿಯಾದರೂ ದನಿ ನಿವೃತ್ತಿಯಾಗಿರಲಿಲ್ಲ. ಅವರು “ಟೀ!” ಎಂದರೆ ಪಕ್ಕದ ಮನೆಯವರೂ ಒಮ್ಮೆ ಎದ್ದು ನಿಲ್ಲುತ್ತಿದ್ದರು. ಅವರ ವಿಧಾನ ಸರಳವಾಗಿತ್ತು. ಪಾತ್ರೆಯಲ್ಲಿ ನೀರು, ಹಾಲು, ಸಕ್ಕರೆ, ಟೀ ಪುಡಿ ಎಲ್ಲವನ್ನೂ ಒಟ್ಟಿಗೆ ಸುರಿದು ಒಲೆಗೆ ಏರಿಸಿ ಸ್ನಾನಕ್ಕೆ ಹೋಗುವುದು. ಸ್ನಾನ ಮುಗಿಸಿ, ತಲೆ ಒರೆಸಿ, ಬಟ್ಟೆ ಒಣಹಾಕಿ ಬಂದು ಇಳಿಸುವುದು. ಅಷ್ಟರಲ್ಲಿ ಪುಡಿಯಲ್ಲಿದ್ದ ಜೀವ ಹೋಗಿ ಎಷ್ಟೋ ಕಾಲವಾಗಿರುತ್ತಿತ್ತು.

ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ಅತ್ತೆ ಆ ಟೀಯನ್ನು ಕೈಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, “ಹೇಗಿದೆ?” ಎಂದು ಕೇಳಿದ್ದರು. ಸೊರ್ರಕ್ಕ “ಚೆನ್ನಾಗಿದೆ ಅತ್ತೆ” ಎಂದುಬಿಟ್ಟಳು. ಒಂದು ಸಲ ಚೆನ್ನಾಗಿದೆ ಎಂದ ಮೇಲೆ ಮರುದಿನ ಇಲ್ಲವೆನ್ನುವುದು ಹೇಗೆ? ಟೀ ಬದಲಾಗಿರಲಿಲ್ಲವಲ್ಲ. ಹೀಗೆ ಅದು ದಿನಾ ಬೆಳಿಗ್ಗೆಯ ಮಾತಾಯಿತು. ಗುಟುಕರಿಸುವಾಗ ಒಳಗೊಳಗೇ ಅವಳ ವೃತ್ತಿಯ ನಾಲಿಗೆ, ‘ಹಳೇ ಚಪ್ಪಲಿ, ಎಡಗಾಲಿನದು’ ಎಂದು ತೀರ್ಪು ಕೊಡುತ್ತಿತ್ತು. ಹೊರಗಿನ ನಾಲಿಗೆ, “ಚೆನ್ನಾಗಿದೆ ಅತ್ತೆ” ಎನ್ನುತ್ತಿತ್ತು. ಅತ್ತೆ ಸೊಸೆಯರ ನಡುವೆ ಗಂಡ ಪತ್ರಿಕೆಯ ಹಿಂದೆ ಕೂತು ಸದ್ದಿಲ್ಲದೆ ಕುಡಿದು ತನ್ನ ಕನ್ನಡಕದ ಅಂಗಡಿಗೆ ಹೊರಡುತ್ತಿದ್ದ. ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿದ್ದಾಗ ಸೊರ್ರಕ್ಕನಿಗೆ ನೆಗಡಿಯಾಯಿತು. ಎರಡು ದಿನ ಮಲಗಿ ಎದ್ದಳು. ಜ್ವರ ಬಿಟ್ಟಿತು, ಸೀನು ನಿಂತಿತು, ಮೂಗು ಮಾತ್ರ ವಾಪಸು ಬರಲಿಲ್ಲ. ಮುಖದ ಮೇಲೆ ಇತ್ತು, ಕೆಲಸಕ್ಕೆ ಇರಲಿಲ್ಲ. ಸೋಪು ಮೂಸಿದಳು, ಏನೂ ಇಲ್ಲ. ಗಂಡನ ಸಾಕ್ಸು ಮೂಸಿದಳು, ಅಲ್ಲೂ ಏನಿಲ್ಲ. ಆಗ ಅವಳಿಗೆ ನಿಜವಾಗಿ ಭಯವಾಯಿತು.

ಹೊತ್ತು ಬೇರೆ ಕೆಟ್ಟದ್ದಾಗಿತ್ತು. ಕಂಪನಿಯ ಹೆಸರು ನಿಂತಿದ್ದೇ ಒಂದು ಹಳದಿ ಪೊಟ್ಟಣದ ಮೇಲೆ. ತೋಟಗಳ ಬೆಳೆ ವರ್ಷ ವರ್ಷಕ್ಕೂ ಬದಲಾದರೂ ಹಳದಿ ಪೊಟ್ಟಣದ ರುಚಿ ಬದಲಾಗಬಾರದು. ಹಾಗಾಗಿ ಪ್ರತಿ ವರ್ಷ ಹೊಸ ಎಲೆಗಳನ್ನು ಬೇರೆ ಬೇರೆ ಅಳತೆಯಲ್ಲಿ ಬೆರೆಸಿ, ಯಾವ ಬೆರಕೆ ಹಳೆಯದಕ್ಕೆ ಸರಿಯಾಗಿ ಕೂರುತ್ತದೆಂದು ಸೊರ್ರಕ್ಕ ಹೇಳಬೇಕು. ಈ ಸಲ ಮೂರು ಬೆರಕೆಗಳು ಕಟ್ಟೆಯ ಮೇಲೆ ಕಾದು ಕೂತಿದ್ದವು. ನಾಳೆ ಮ್ಯಾನೇಜರ್ ಬರುತ್ತಾನೆ. ಅವಳು ಇವತ್ತೇ ತೀರ್ಮಾನಿಸಿಟ್ಟುಕೊಳ್ಳಬೇಕು.

ಮೂಗಿನ ವಿಷಯ ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ. ಕಣ್ಣು ಹೋದ ಗಡಿಯಾರ ರಿಪೇರಿಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೌದಪ್ಪನ ಬಾಯಿಂದ ಹೊರಡಿಸಿ ಅದನ್ನೇ ತನ್ನದೆನ್ನುವ ಉಪಾಯ ಹೂಡಿದಳು. ಮೊದಲ ಬಟ್ಟಲಿನಿಂದ ‘ಸೊರ್ರ್’ ಎಂದು ಎಳೆದು ಉಗಿದು, ತಿಳಿದವಳಂತೆ ಕಿಟಕಿಯ ಕಡೆ ನೋಡಿದಳು. ಬಾಯಲ್ಲಿ ಬಿಸಿ, ಒಂದಿಷ್ಟು ಕಹಿ, ಒಗರು. ಅದರಾಚೆ ಬರೀ ಗೋಡೆ.

“ನೀವು ಹೇಳಿ,” ಎಂದಳು.

ಹೌದಪ್ಪನೂ ಎಳೆದ, ಉಗಿದ. “ಮೊದಲು ನೀವು.”

“ಇಲ್ಲ, ಇವತ್ತು ನೀವೇ ಮೊದಲು.”

“ನೀವಿರುವಾಗ ನಾನೆಂಥದು?”

“ಪರವಾಗಿಲ್ಲ, ಹೇಳಿ.”

“ಇನ್ನೊಂದ್ಸಲ ನೋಡ್ತೀನಿ,” ಎಂದು ಅವನು ಮತ್ತೆ ಎಳೆದ. ಇವಳೂ ಎಳೆದಳು. ಅವನು ಇವಳ ಮುಖ ನೋಡಿದ, ಇವಳು ಅವನ ಮುಖ ನೋಡಿದಳು. ಹೀಗೆ ಇಬ್ಬರೂ ಸೇರಿ ಮೂರು ಬಟ್ಟಲುಗಳನ್ನೂ ತಳ ಕಾಣುವವರೆಗೆ ಎಳೆದರು. ಮತ್ತೆ ಮಾಡಿಸಿದರು, ಅದನ್ನೂ ಎಳೆದರು. ಕೆಳಗೆ ಪ್ಯಾಕಿಂಗಿನವರು ಕೈ ನಿಲ್ಲಿಸಿ ಮೇಲೆ ನೋಡುತ್ತಿದ್ದರು. ಸಂಜೆಗೆ ಪೀಕದಾನಿ ತುಂಬಿತು, ತೀರ್ಮಾನ ಮಾತ್ರ ಹುಟ್ಟಲಿಲ್ಲ. ಕೊನೆಗೆ ಹೌದಪ್ಪ ಬೆವರು ಒರೆಸಿಕೊಳ್ಳುತ್ತ, “ನನಗೂ ನಿಮ್ಮ ಹಾಗೇ ಅನ್ನಿಸ್ತು,” ಎಂದ.

“ನಾನು ಏನೂ ಹೇಳೇ ಇಲ್ಲವಲ್ಲ!”

“ಅದಕ್ಕೇ,” ಎಂದು ಅವನು ಕೋಟು ಕಳಚಿಟ್ಟು ಮನೆಗೆ ಹೋದ.

ಮಾರನೆಯ ಬೆಳಿಗ್ಗೆ ಗಂಡ ಬೇಗನೆ ಅಂಗಡಿಗೆ ಹೋಗಿದ್ದ. ಹಿಂದಿನ ದಿನ ಯಾರೋ ಗಿರಾಕಿ ಕಣ್ಣು ಸರಿಹೋದ ಖುಷಿಗೆ ಅವನಿಗೆ ಒಂದು ಪೊಟ್ಟಣ ಕಾಫಿ ಪುಡಿ ಕೊಟ್ಟಿದ್ದರು. ಹೆಂಡತಿ ಚಹಾ ಕಂಪನಿಯವಳಾದ್ದರಿಂದ ಆ ಮನೆಗೆ ಕಾಫಿ ಎಂದೂ ಕಾಲಿಟ್ಟಿರಲಿಲ್ಲ. ಪ್ರೀತಿಯಿಂದ ಕೊಟ್ಟದ್ದನ್ನು ಎಸೆಯಲು ಮನಸ್ಸಾಗದೆ ಅವನು ಅದನ್ನು ಒಂದು ಖಾಲಿ ಟೀ ಡಬ್ಬಿಗೆ ಸುರಿದು ಒಲೆಯ ಹತ್ತಿರವೇ ಇಟ್ಟಿದ್ದ. ಅತ್ತೆ ಕನ್ನಡಕ ಹಾಕುತ್ತಿರಲಿಲ್ಲ. ಮಗನ ಅಂಗಡಿಯ ತುಂಬ ಕನ್ನಡಕ, ತಾಯಿಯ ಮೂಗಿನ ಮೇಲೆ ಒಂದೂ ಇಲ್ಲ. ಕಣ್ಣು ಮಂಜಾಗಿದೆಯೆಂದು ಒಪ್ಪಿಕೊಳ್ಳುವುದು ಡ್ರಿಲ್ ಟೀಚರಿಗೆ ಸೋಲು. ಅವರು ಕೈಗೆ ಸಿಕ್ಕ ಡಬ್ಬಿಯಿಂದ ಎಂದಿನಂತೆ ಪುಡಿ ಸುರಿದು, ಒಲೆಗೆ ಏರಿಸಿ ಸ್ನಾನಕ್ಕೆ ಹೋದರು. ಬಂದು ದೇವರ ಮುಂದೆ ಊದುಬತ್ತಿ ಹಚ್ಚಿ, ಆ ಘಮದಲ್ಲಿ ಬೇರೇನೂ ಗೊತ್ತಾಗದೆ ಲೋಟಕ್ಕೆ ಬಗ್ಗಿಸಿ ಸೊಸೆಯ ಕೈಗಿಟ್ಟು ತಮ್ಮ ಲೋಟ ತರಲು ಒಳಗೆ ಹೋದರು.

ಸೊರ್ರಕ್ಕ ಮೂರು ಬೆರಕೆಗಳ ಚಿಂತೆಯಲ್ಲೇ ಲೋಟ ಖಾಲಿ ಮಾಡಿದಳು. ಬಿಸಿ, ಸಿಹಿ, ಕಹಿ, ಹಾಲು. “ಟೀ ಚೆನ್ನಾಗಿದೆ ಅತ್ತೆ,” ಎಂದಳು. ಏನೋ ಕಡಿಮೆಯಾಯಿತೆನಿಸಿ, “ಇವತ್ತು ದಿನಕ್ಕಿಂತ ಒಂದು ಕೈ ಮೇಲೆ,” ಎಂದು ಸೇರಿಸಿದಳು.

ಅತ್ತೆ ಹಿಗ್ಗಿ ತಮ್ಮ ಲೋಟವನ್ನು ತುಟಿಗಿಟ್ಟರು. ಲೋಟ ಅಲ್ಲೇ ನಿಂತಿತು.

“ಏನಂದೆ?”

“ಟೀ ಚೆನ್ನಾಗಿದೆ ಅಂದೆ.”

“ಇದು ಕಾಫಿ.”

ಸೊರ್ರಕ್ಕ ಲೋಟವನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. “ನೆಗಡಿ ಆದಾಗಿನಿಂದ ಮೂಗು ಹೋಗಿದೆ ಅತ್ತೆ. ಯಾವುದರ ವಾಸನೆಯೂ ಗೊತ್ತಾಗ್ತಿಲ್ಲ. ಅದಕ್ಕೇ...”

“ಇವತ್ತು ಮೂಗಿಲ್ಲ, ಸರಿ,” ಎಂದರು ಅತ್ತೆ. ಅವರ ದನಿ ಎಂದೂ ಇಲ್ಲದಷ್ಟು ಮೆಲ್ಲಗಿತ್ತು, ಅದೇ ಹೆದರಿಕೆ ಹುಟ್ಟಿಸಿತು. “ಆದರೆ ಇವತ್ತೂ ಅದೇ ಮಾತು, ಅದೇ ರಾಗ, ಅದೇ ಮುಖ. ಮೂಗಿದ್ದಾಗಲೂ ಕೂದಲೆಳೆಯಷ್ಟು ಬೇರೆ ಇರಲಿಲ್ಲ. ಹಾಗಾದ್ರೆ ಇಷ್ಟು ವರ್ಷ ನೀನು ಹೇಳಿದ್ದು ಏನು?”

ಸೊರ್ರಕ್ಕ ಖಾಲಿ ಲೋಟವನ್ನು ಸೆರಗಿನಿಂದ ಒರೆಸತೊಡಗಿದಳು.

“ಆಫೀಸಲ್ಲಿ ಊರ ಟೀಗೆಲ್ಲ ತಪ್ಪು ಹುಡುಕ್ತೀಯಂತೆ. ನಿನ್ನ ಬಾಯಿಗೆ ಹೆದರಿ ದಲ್ಲಾಳಿಗಳು ನೀರು ಕುಡಿದುಕೊಂಡು ಬರ್ತಾರಂತೆ. ನನ್ನ ಮುಂದೆ ಮಾತ್ರ ಚೆನ್ನಾಗಿದೆ! ನಾನೇನು ಚಿಕ್ಕ ಮಗುವಾ, ಬೆನ್ನು ತಟ್ಟಿ ಮಲಗಿಸೋಕೆ? ನಡಿ. ನೀನು ನಿಜ ಹೇಳೋ ಜಾಗ ಹೇಗಿರತ್ತೆ ನಾನೂ ನೋಡಬೇಕು.”

ಸೊರ್ರಕ್ಕ ಚಪ್ಪಲಿ ಮೆಟ್ಟಿಕೊಂಡಳು. ದಾರಿಯುದ್ದಕ್ಕೂ ಅತ್ತೆ ಮುಂದೆ, ಸೊಸೆ ಹಿಂದೆ. ಗೇಟಿನವನು ಏನೋ ಕೇಳಲು ಹೋದವನು ಅತ್ತೆಯ ನಡಿಗೆ ನೋಡಿ ಸೆಲ್ಯೂಟ್ ಹೊಡೆದ.

ರುಚಿ ನೋಡುವ ಕೋಣೆಯಲ್ಲಿ ಮ್ಯಾನೇಜರ್ ಆಗಲೇ ಬಂದು ಕೈ ಹೊಸೆಯುತ್ತ ನಿಂತಿದ್ದ. ಸಣ್ಣಗೆ ತೆಳ್ಳಗೆ, ಸದಾ ಯಾವುದೋ ಕೆಟ್ಟ ಸುದ್ದಿಗೆ ಕಾದಿರುವಂಥ ಮನುಷ್ಯ. ಹೌದಪ್ಪ ಗೋಡೆಗೆ ಅಂಟಿಕೊಂಡಿದ್ದ. ಮೂರು ಬಟ್ಟಲುಗಳು ಹಬೆಯಾಡುತ್ತಿದ್ದವು. ಅತ್ತೆ ಮೂಲೆಯ ಸ್ಟೂಲಿನ ಮೇಲೆ ನೆಟ್ಟಗೆ ಕೂತರು. ಸೊರ್ರಕ್ಕ ಚಮಚ ಎತ್ತಿ ಮೂರನ್ನೂ ಎಳೆದಳು, ಉಗಿದಳು, ಕಿಟಕಿ ನೋಡಿದಳು. ಮನಸ್ಸಿನಲ್ಲೇ ಕಣ್ಣು ಮುಚ್ಚಿ ಒಂದನ್ನು ಆರಿಸಿಕೊಂಡು, “ಮೊದಲನೆಯದೇ...” ಎಂದು ಶುರುಮಾಡಿದಳು.

“ಸುಳ್ಳು!” ಎಂದಿತು ಮೂಲೆ.

ಮ್ಯಾನೇಜರ್ ಬೆಚ್ಚಿಬಿದ್ದ.

“ಅವಳಿಗೆ ಮೂಗಿಲ್ಲ ಇವತ್ತು,” ಎಂದರು ಅತ್ತೆ. “ಬೆಳಿಗ್ಗೆ ಲೋಟ ತುಂಬ ಕಾಫಿ ಕುಡಿದು ಟೀ ಚೆನ್ನಾಗಿದೆ ಅಂದಳು.”

ಮ್ಯಾನೇಜರ್ ಮುಖ ಬಿಳಿಚಿಕೊಂಡಿತು. “ಕಾಫಿನಾ?” ಎಂದ. ಮೂಗು ಹೋದದ್ದಕ್ಕಿಂತ ಅದೇ ಅವನಿಗೆ ದೊಡ್ಡ ಆಘಾತವಾದಂತಿತ್ತು. “ನಿಮ್ಮ ಮನೇಲಿ ಕಾಫಿ ಇದೆಯಾ?”

ಸೊರ್ರಕ್ಕನಿಗೆ ನೆಲ ಬಾಯಿ ತೆರೆಯಬಾರದೇ ಎನ್ನಿಸಿತು. ಆದರೂ ಅತ್ತೆ ಹೇಳಿಬಿಟ್ಟದ್ದರಿಂದ ಎದೆಯ ಮೇಲಿನ ಕಲ್ಲೂ ಇಳಿಯಿತು. ತಲೆ ತಗ್ಗಿಸಿ, “ಹೌದು ಸಾರ್, ಮೂಗು ಹೋಗಿದೆ. ನಿನ್ನೆಯೇ ಹೇಳಬೇಕಿತ್ತು, ಹೆದರಿಕೆ ಆಯ್ತು,” ಎಂದಳು.

ಮ್ಯಾನೇಜರ್ ದೀರ್ಘವಾಗಿ ಉಸಿರುಬಿಟ್ಟು ಹೌದಪ್ಪನ ಕಡೆ ತಿರುಗಿದ. “ಹಾಗಾದ್ರೆ ನೀವೇ ಹೇಳಿ. ಯಾವುದು?”

ಹೌದಪ್ಪ ಸೊರ್ರಕ್ಕನ ಕಡೆ ನೋಡಿದ. ಅಲ್ಲಿ ಒಪ್ಪಿಕೊಳ್ಳಲು ಏನೂ ಇರಲಿಲ್ಲ. ಮ್ಯಾನೇಜರ್ ಕಡೆ ನೋಡಿದ. ಅಲ್ಲೂ ಇರಲಿಲ್ಲ. ಪಾಪ, ಅವನ ಬೆನ್ನು ಇನ್ನೂ ಒಂದು ಸುತ್ತು ಬಾಗಿತು. “ನನಗೆ... ಅಂದ್ರೆ... ನಿಮಗೆ ಹೇಗನ್ನಿಸುತ್ತೋ...”

“ಬೆನ್ನು ನೇರ!”

ಆ ಒಂದು ಕೂಗಿಗೆ ಮ್ಯಾನೇಜರ್, ಸೊರ್ರಕ್ಕ, ಕೆಳಗೆ ಪ್ಯಾಕಿಂಗಿನಲ್ಲಿದ್ದ ಅರ್ಧ ಜನ ಎಲ್ಲರೂ ನೆಟ್ಟಗಾದರು. ಹೌದಪ್ಪನಂತೂ ಇದ್ದಕ್ಕಿದ್ದಂತೆ ಒಂದು ಗೇಣು ಉದ್ದವಾದ.

“ಎದೆ ಮುಂದೆ! ಗಲ್ಲ ಮೇಲೆ! ಈಗ ಹೇಳಿ.”

“ಮೂರನೆಯದು!” ಎಂದು ಹೌದಪ್ಪ ಕಿರುಚಿದ. ಹಾಗೆ ಕಿರುಚಿದ ಮೇಲೆ ಎಷ್ಟೋ ಕಾಲದಿಂದ ಕಟ್ಟಿಕೊಂಡಿದ್ದ ನಲ್ಲಿ ಬಿಟ್ಟ ಹಾಗಾಯಿತು. “ಮೊದಲನೆಯದು ಬಾಯಿಗೆ ಹಿಡಿಯಲ್ಲ. ಎರಡನೆಯದನ್ನು ಒಣಗಿಸುವಾಗ ಸೀಯಿಸಿದ್ದಾರೆ, ಕೊನೆಯಲ್ಲಿ ಹೊಗೆ ಬರತ್ತೆ. ಮೂರನೆಯದೇ ನಮ್ಮ ಹಳದಿ ಪೊಟ್ಟಣ.” ಅವನು ಸೊರ್ರಕ್ಕನ ಕಡೆ ತಿರುಗಿದ. “ಇನ್ನೊಂದು ಮಾತು ಹೇಳಿಬಿಡ್ತೀನಿ, ಕಳೆದ ವರ್ಷ ನೀವು ಆರಿಸಿದ್ದು ನನಗೆ ಇಷ್ಟ ಆಗಿರಲಿಲ್ಲ. ಅದಕ್ಕೆ ಹಿಂದಿನ ವರ್ಷದ್ದೂ ಅಷ್ಟಕ್ಕಷ್ಟೆ. ಕೊಡೆಯ ವಾಸನೆಯಂತೂ ಇರಲೇ ಇಲ್ಲ!”

ಸೊರ್ರಕ್ಕ ಅವನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಸಿಟ್ಟೂ ಬಂತು, ನಗುವೂ ಬಂತು. ಯಾವುದು ಮೊದಲೆಂದು ತಿಳಿಯದೆ ಎರಡೂ ಗಂಟಲಲ್ಲೇ ಸಿಕ್ಕಿಕೊಂಡವು.

ಮೂರನೆಯ ಬೆರಕೆಯೇ ಆಗಲಿ ಎಂದು ಮ್ಯಾನೇಜರ್ ಒಪ್ಪಿದ. ಅಷ್ಟರಲ್ಲಿ ಅತ್ತೆ ಸ್ಟೂಲಿನಿಂದ ಎದ್ದು ಕಟ್ಟೆಯ ಬಳಿ ಬಂದಿದ್ದರು. “ಇದನ್ನ ಮಾಡೋದು ಹೇಗೆ? ನಾನೂ ನೋಡ್ತೀನಿ,” ಎಂದು ಚಮಚ ಎತ್ತಿಕೊಂಡರು. ಮೈದಾನದ ಆ ತುದಿಗೆ ಸೀಟಿ ಊದಿ ಪಳಗಿದ ಶ್ವಾಸಕೋಶ. ಅವರು ಎಳೆದ ರಭಸಕ್ಕೆ ಬಟ್ಟಲಿನ ಪಕ್ಕದ ಎಲೆಗಳೂ ಅಲುಗಿದವು. ಆಮೇಲೆ ನಿಂತಲ್ಲಿಂದಲೇ, ಮಾರು ದೂರದ ಪೀಕದಾನಿಯ ನಟ್ಟನಡುವಿಗೆ ಉಗಿದರು. ತಗಡು ‘ಟಣ್’ ಎಂದಿತು. ಹೌದಪ್ಪ ತಡೆಯಲಾರದೆ ಚಪ್ಪಾಳೆ ತಟ್ಟಿದ.

ಅತ್ತೆಯ ಮುಖದಲ್ಲಿ ಮಾತ್ರ ಬೇರೆಯೇ ಏನೋ ಆಗುತ್ತಿತ್ತು. ಅವರು ಪೀಕದಾನಿಯನ್ನೇ ನೋಡುತ್ತ ನಿಂತರು.

“ಇದನ್ನ ಉಗಿಯಬಹುದಾ?” ಎಂದರು.

“ಉಗಿಯಲೇಬೇಕು ಅತ್ತೆ.”

“ಉಗಿಯಬಹುದು ಅಂತ ಯಾರೂ ಹೇಳಲೇ ಇಲ್ಲವಲ್ಲೇ! ಗೊತ್ತಿದ್ರೆ ನಾನೂ ಮನೇಲಿ ದಿನಾ ಉಗೀತಿದ್ದೆ. ನನಗೆ ಟೀ ಸೇರೋದೇ ಇಲ್ಲ.”

“ಸೇರಲ್ವಾ?” ಸೊರ್ರಕ್ಕನ ಕೈಯಲ್ಲಿದ್ದ ಚಮಚ ಜಾರಿತು.

“ಹುಟ್ಟಿದಾಗಿನಿಂದ ಸೇರಲ್ಲ. ಬಿಸಿ ಹಾಲು ಕುಡಿದುಕೊಂಡು ಆರಾಮಾಗಿದ್ದೆ. ನೀನು ಟೀ ಕಂಪನಿಯವಳು ಬಂದೆ. ಮನೇಲಿ ಟೀ ಇಲ್ಲ ಅಂದ್ರೆ ಏನಂದುಕೊಳ್ತಾಳೋ ಅಂತ ಮೊದಲ ದಿನ ಮಾಡಿದೆ. ಜೀವಮಾನದಲ್ಲೇ ಮೊದಲ ಸಲ ಮಾಡಿದ್ದು ಅವತ್ತು. ಎಷ್ಟು ಹೊತ್ತು ಕುದಿಸಬೇಕು ಅಂತ ಯಾರನ್ನ ಕೇಳಲಿ? ನೀನು ಚೆನ್ನಾಗಿದೆ ಅಂದೆ. ಸರಿ, ಇವಳಿಗೆ ಇದೇ ಬೇಕು ಅಂತ ದಿನಾ ಹಾಗೇ ಮಾಡಿದೆ, ಜೊತೆಗೆ ಕೂತು ನಾನೂ ಕುಡಿದೆ.”

ಸೊರ್ರಕ್ಕನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು, ನಗುವ ಮಧ್ಯೆ ಅಳುವೂ ಸ್ವಲ್ಪ ಬಂತು. “ಅತ್ತೆ, ನಿಮ್ಮ ಟೀ ಹಳೇ ಚಪ್ಪಲಿಯ ಹಾಗಿರತ್ತೆ,” ಎಂದಳು.

“ಹೂಂ, ಹಾಗೇ ಇರತ್ತೆ. ನನಗೆ ನಾಲಿಗೆ ಇಲ್ವಾ?” ಎಂದರು ಅತ್ತೆ.

ಮಾರನೆಯ ದಿನದಿಂದ ಮನೆಯ ಪದ್ಧತಿ ಬದಲಾಯಿತು. ಅತ್ತೆಗೆ ಬಿಸಿ ಹಾಲು. ಸೊರ್ರಕ್ಕ ತನಗೂ ಗಂಡನಿಗೂ ಒಳ್ಳೆಯ ಎಲೆಯನ್ನು ಕುದಿಯುವ ನೀರಿನಲ್ಲಿ ಅಳತೆಯಾಗಿ ನೆನೆಸಿ, ಸೋಸಿ, ಮೇಲೆ ಒಂದಿಷ್ಟು ಹಾಲು ಬಿಟ್ಟು ಕೊಟ್ಟಳು. ಮೂಗಿಲ್ಲದಿದ್ದರೂ ಕೈಗೆ ಅಭ್ಯಾಸವಿತ್ತಲ್ಲ. ಗಂಡ ಪತ್ರಿಕೆ ಮಡಚಿಟ್ಟು ಲೋಟದೊಳಗೆ ಇಣುಕಿದ. ಏನೂ ಹೇಳಲಿಲ್ಲ. ವಾರವೊಂದು ಕಳೆಯುವಷ್ಟರಲ್ಲಿ ಮುಖ ಸೊರಗಿ ಅವನು ಒಂದಿಷ್ಟು ತೂಕ ಕಳೆದುಕೊಂಡವನಂತೆ ಕಂಡ. ಒಂದು ಸಂಜೆ ಸೊರ್ರಕ್ಕ ಅತ್ತೆಯ ಜೊತೆ ಅವನ ಅಂಗಡಿಗೆ ಹೋದಳು. ಅತ್ತೆಗೆ ಕೊನೆಗೂ ಕನ್ನಡಕ ಮಾಡಿಸುವುದೆಂದು ತೀರ್ಮಾನವಾಗಿತ್ತು. ಬಾಗಿಲು ತೆಗೆಯುತ್ತಿದ್ದಂತೆ ಅವಳು ಗಕ್ಕನೆ ನಿಂತಳು. ಮೂಗಿಗೆ ಏನೋ ಬಡಿದಿತ್ತು. ಚೆನ್ನಾಗಿ ಬಡಿದಿತ್ತು. ಲೆನ್ಸು ಉಜ್ಜುವ ಯಂತ್ರದ ಹಿಂದೆ, ಪುಟ್ಟ ಒಲೆಯ ಮೇಲೆ, ಗಂಡ ಪಾತ್ರೆಯಲ್ಲಿ ಟೀಯನ್ನು ಕೊತಕೊತ ಕುದಿಸುತ್ತಿದ್ದ.

“ಎಷ್ಟು ಹೊತ್ತಿನಿಂದ ಕುದೀತಿದೆ ಇದು?” ಎಂದಳು ಸೊರ್ರಕ್ಕ. ಮೂಗು ವಾಪಸು ಬಂದ ಸಂತೋಷವೂ, ಬಂದದ್ದು ಇಂಥದ್ದಕ್ಕೆ ಎಂಬ ಬೇಸರವೂ ಒಟ್ಟಿಗೆ ಆದವು.

ಗಂಡ ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತಿದ್ದವನು, ಇದ್ದಕ್ಕಿದ್ದಂತೆ ಎದುರು ಬಿದ್ದ. “ನೀನು ಕೊಡೋದು ಟೀನಾ ಅದು? ಟೀ ಪುಡಿ ಕಿಟಕಿಯಿಂದ ಇಣುಕಿ ನೋಡಿ ಹೋದ ಹಾಗಿರತ್ತೆ! ಅಮ್ಮನ ಟೀ ಅಂದ್ರೆ ಟೀ. ಗಂಟಲಲ್ಲಿ ಇಳಿದದ್ದು ಮಧ್ಯಾಹ್ನದವರೆಗೂ ಗೊತ್ತಾಗ್ತಿತ್ತು. ಯಾಕೆ ನಿಲ್ಲಿಸಿದ್ರಿ? ನನ್ನನ್ನ ಒಂದು ಮಾತು ಕೇಳಿದ್ರಾ?”

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಹೆಮ್ಮೆಯಿಂದ ಅರ್ಧ ಸುತ್ತು ತಿರುಗಿದರು. “ಕೇಳಿದೆಯಾ? ಒಬ್ಬನಿಗಾದ್ರೂ ಇಷ್ಟ ಆಗಿತ್ತು.” ಅಂದಿನಿಂದ ಬೆಳಿಗ್ಗೆ ಒಲೆಯ ಮೇಲೆ ಮೂರು ಪಾತ್ರೆಗಳು ಒಂದನ್ನೊಂದು ತಳ್ಳಿಕೊಂಡು ಕೂರತೊಡಗಿದವು.

ಆಫೀಸಿನಲ್ಲಿ ಸೊರ್ರಕ್ಕ ಮೂಗು ಬಂದ ಮರುದಿನವೇ ಮೂರನೆಯ ಬೆರಕೆಯನ್ನು ಮಾಡಿಸಿ ನೋಡಿದಳು. ಹೌದಪ್ಪ ಹೇಳಿದ್ದು ಸರಿಯಿತ್ತು, ಕೊನೆಯಲ್ಲಿ ಒಂದು ಎಳೆ ಒಗರು ಹೆಚ್ಚು ಅಷ್ಟೆ. ಹಾಗೆಂದು ಹೇಳಿದಳು. “ಒಗರಿಲ್ಲ,” ಎಂದ ಹೌದಪ್ಪ. ಅಲ್ಲಿಂದ ಅವಳಿಗೆ ನೆಮ್ಮದಿಯೆಂಬುದಿಲ್ಲ. ಪ್ರತಿ ಬಟ್ಟಲಿಗೂ ಇಬ್ಬರ ನಡುವೆ ಜಗಳ. ಕೆಳಗಿನವರಿಗೆ ಈಗ ‘ಸೊರ್ರ್’, ‘ಥೂ’ಗಳ ಜೊತೆ ಒಂದಿಷ್ಟು ಬೈಗುಳವೂ ಕೇಳಿಸುತ್ತದೆ.

ಇನ್ನೊಂದು ಸಂಗತಿಯೂ ಆಯಿತು. ಅತ್ತೆ ಒಂದೇ ಮಾತಿಗೆ ಹೌದಪ್ಪನ ಬೆನ್ನು ನೆಟ್ಟಗೆ ಮಾಡಿದ್ದನ್ನು ಮ್ಯಾನೇಜರ್ ಮರೆತಿರಲಿಲ್ಲ. ಪೆಟ್ಟಿಗೆಗಳ ಮುಂದೆ ಬಗ್ಗಿ ಬಗ್ಗಿ ಪ್ಯಾಕಿಂಗಿನವರಿಗೆಲ್ಲ ಸೊಂಟನೋವು. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಸ್ವಲ್ಪ ವ್ಯಾಯಾಮ ಮಾಡಿಸಲು ಬರುತ್ತೀರಾ ಎಂದು ಅವನು ಅತ್ತೆಯನ್ನು ಕೇಳಿದ. ಅತ್ತೆ ಅವನ ಮಾತು ಮುಗಿಯುವ ಮೊದಲೇ ಸೀಟಿ ಹುಡುಕಲು ಎದ್ದಿದ್ದರು. ಈಗ ಗೋದಾಮಿನ ಮುಂದಿನ ಅಂಗಳದಲ್ಲಿ ಹೊಸ ಕನ್ನಡಕ ಹಾಕಿಕೊಂಡು ಅವರು ನಿಂತರೆ, ಕೈ ಎತ್ತದೆ ಹಿಂದಿನ ಸಾಲಿನಲ್ಲಿ ಅವಿತುಕೊಳ್ಳಲು ಯಾರಿಗೂ ಸಾಧ್ಯವಿಲ್ಲ.

ಮೊದಲ ದಿನ ಸೊರ್ರಕ್ಕ ಸದ್ದಿಲ್ಲದೆ ಗೋಡೆಯ ಪಕ್ಕದಿಂದ ಮೆಟ್ಟಿಲ ಕಡೆ ಜಾರುತ್ತಿದ್ದಳು. ಸೀಟಿ ಊದಿತು. ಇಡೀ ಅಂಗಳ ಅವಳ ಕಡೆ ತಿರುಗಿತು.

“ನೀನೂ ಬಾ ಸಾಲಿಗೆ.”

ಸೊರ್ರಕ್ಕ ನಿಂತಳು. ಬಾಯಿಗೆ ಬಂದ ‘ಆಗಲಿ ಅತ್ತೆ’ಯನ್ನು ನುಂಗಿಕೊಂಡು, ಒಮ್ಮೆ ಉಸಿರೆಳೆದು, “ನನಗೆ ಇದು ಚೂರೂ ಇಷ್ಟ ಇಲ್ಲ ಅತ್ತೆ,” ಎಂದಳು.

ಅತ್ತೆಯ ಮುಖ ಅರಳಿತು. “ಬಾಯಿಬಿಟ್ಟು ಹೇಳಿದೆಯಲ್ಲ, ಅಷ್ಟೇ ಬೇಕಾಗಿದ್ದು ನನಗೆ. ತುಂಬ ಸಂತೋಷ,” ಎಂದರು. “ಈಗ ಕೈ ಮೇಲೆತ್ತು.”